ಎಲ್ಲಾಬಲ್ಲನ ಲ್ಯಾಪ್‌ಟಾಪಿನಲ್ಲಿ ಭಾವ

ಮರದ ಮಿಲ್ಲಿನ ಹಿಂದೆ ಒಂದು ಹಾಳುಬಾವಿ ಇದೆಯಲ್ಲ, ಕಬ್ಬಿಣದ ಜಾಲರಿ ಹೊದಿಸಿರೋದು... ಅದರ ಪಕ್ಕದಲ್ಲೇ ಮೊದಲು ಕೇಳಿಸಿದ್ದು. ನನಗಲ್ಲ, ನನ್ನ ಚಿಕ್ಕಮ್ಮನ ಮಗನಿಗೆ. ಅವನ ಹೆಸರು ಬಾಯಲ್ಲಿ ಬೇಡ. ನಾವೆಲ್ಲ ಅವನನ್ನ ಎಲ್ಲಾಬಲ್ಲ ಅಂತಲೇ ಕರೆಯೋದು. ಅವನು ಅದನ್ನ ಹೊಗಳಿಕೆ ಅಂದುಕೊಂಡಿದ್ದ.

ರಾತ್ರಿ ತುಂಬಾ ಹೊತ್ತಾಗಿತ್ತು. ಬೆನ್ನಿಗೆ ಬ್ಯಾಗು, ಬ್ಯಾಗಲ್ಲಿ ಲ್ಯಾಪ್‌ಟಾಪು. ಗೆಳೆಯರ ಹತ್ತಿರ ದೊಡ್ಡಸ್ತಿಕೆ ತೋರಿಸಿ, ಎಲ್ಲರ ಕೈಲೂ ಭೇಷ್ ಅನ್ನಿಸಿಕೊಂಡು, ಎದೆ ಉಬ್ಬಿಸಿಕೊಂಡು ನಡ್ಕೊಂಡು ಬರ್ತಿದ್ದ. ಬೀದಿ ದೀಪ ಒಂದೂ ಉರೀತಿಲ್ಲ. ನಾಯಿಗಳೂ ಮಲಗಿವೆ. ಇನ್ನೇನು ಬಾವಿ ದಾಟಬೇಕು...

ಗುಂಯ್ಯ್...

ನಿಂತ. ಜೀರುಂಡೆ ಅಲ್ಲ. ಕರೆಂಟ್ ತಂತಿ ಅಲ್ಲ. ಲ್ಯಾಪ್‌ಟಾಪಿನ ಫ್ಯಾನು. ಮುಚ್ಚಿಟ್ಟರೂ ನಿದ್ದೆಗೆ ಹೋಗದೆ ಬ್ಯಾಗಿನೊಳಗೇ ಓಡ್ತಿದೆ ಅಂದುಕೊಂಡ. ಅವನ ಲ್ಯಾಪ್‌ಟಾಪು ಹಾಗೆ ಮಾಡೋದು ಹೊಸದೇನಲ್ಲ. ಬೆನ್ನಿಗೆ ಕೈ ಹಾಕಿ ನೋಡಿಕೊಂಡ. ಶರ್ಟು ಬಿಸಿ. ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಬಿಸಿ.

ಮನೆಗೆ ಹೋಗಿ ನೋಡಿದ್ರಾಯ್ತು ಅಂತ ಹೆಜ್ಜೆ ಎತ್ತಿದ. ಆಗ ಇನ್ನೊಂದು ಸದ್ದು.

ಟಕ್... ಟಕ್ ಟಕ್... ಟಕ್.

ಕೀ ಒತ್ತೋ ಸದ್ದು. ಜಿಪ್ ಹಾಕಿದ ಬ್ಯಾಗಿನೊಳಗೆ. ಮುಚ್ಚಿದ ಲ್ಯಾಪ್‌ಟಾಪಿನೊಳಗೆ. ಅವನ ಎರಡು ಭುಜದ ನಡುವೆ... ಯಾರೋ ಟೈಪ್ ಮಾಡ್ತಿದ್ದಾರೆ.

ಹತ್ತಿರ ಬನ್ನಿ, ಪರವಾಗಿಲ್ಲ. ಇನ್ನೂ ಹೆದರೋ ಜಾಗ ಬಂದಿಲ್ಲ. ಅವನೆಂಥವನು, ಒಳಗಿದ್ದವರು ಯಾರು, ಅದನ್ನ ಹೇಳದೆ ಮುಂದೆ ಹೋದ್ರೆ ನಿಮಗೆ ಅವನ ಮೇಲೆ ಕನಿಕರ ಬಂದುಬಿಡುತ್ತೆ. ಅದೊಂದು ಆಗಬಾರದು.

ಎಲ್ಲಾಬಲ್ಲನ ಕೆಲಸ ಏನು ಅಂದ್ರೆ, ಒಂದು ಆಫೀಸಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡ್ರೆ ಎಳೆಯೋದು. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡೋದು. ಒಳ್ಳೇ ಕೆಲಸವೇ, ನಾನು ಆಡಿಕೊಳ್ತಿಲ್ಲ. ನಾನೂ ಕಂಡವರ ಪ್ಯಾಂಟಿನ ಜಿಪ್ ಬದಲಾಯಿಸಿ ಹೊಟ್ಟೆ ಹೊರೆಯೋಳು. ಆದ್ರೆ ಜಿಪ್ ಹಾಕಿ ಲೋಕ ಉದ್ಧಾರ ಮಾಡಿದೆ ಅಂತ ನಾನು ಹೇಳಿಕೊಂಡು ತಿರುಗಲ್ಲ. ಇವನು ತಿರುಗ್ತಿದ್ದ. ತುಂಬಿದ ಕೊಡ ತುಳುಕಲ್ಲ ಅಂತಾರೆ. ಇವನ ಕೊಡದಲ್ಲಿ ತಳ ಒದ್ದೆ ಆಗೋವಷ್ಟೂ ನೀರಿರಲಿಲ್ಲ, ತುಳುಕೋ ಸದ್ದು ಮಾತ್ರ ಬೀದಿಗೆಲ್ಲ ಕೇಳ್ತಿತ್ತು.

ಮನೆಗೆ ಬಂದ್ರೆ ಅವನಿಗೆ ಒಂದೇ ಹುಚ್ಚು. ವರ್ಚುವಲ್ ಮಷೀನು. ಗೊತ್ತಿಲ್ಲದವರಿಗೆ ಹೇಳ್ತೀನಿ, ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ನಡೆಸೋ ಪ್ರೋಗ್ರಾಮು ಅದು. ಪರದೆ ಮೇಲೆ ಒಂದು ಕಿಟಕಿ ತೆರೆದುಕೊಳ್ಳುತ್ತೆ, ಅದರೊಳಗೆ ಆ ಇನ್ನೊಂದು ಕಂಪ್ಯೂಟರ್ ಎದ್ದು ಕೂರುತ್ತೆ. ತನಗೆ ಸ್ವಂತ ಮೈ ಇದೆ ಅಂತಲೇ ಅದು ನಂಬಿಕೊಂಡಿರುತ್ತೆ, ಪಾಪ. ಸಣ್ಣ ಮನೆಗೆ ಹಲಗೆ ಗೋಡೆ ಹಾಕಿ ಮೂಲೆಗೊಬ್ಬ ಬಾಡಿಗೆದಾರನನ್ನ ತುರುಕಿದ ಹಾಗೆ, ಇವನು ಆ ಬಡ ಲ್ಯಾಪ್‌ಟಾಪಿಗೆ ಒಂದರ ಪಕ್ಕ ಒಂದು ಮಷೀನು ತುರುಕಿದ್ದ. ಯಾಕೋ ಇಷ್ಟೊಂದು ಅಂದ್ರೆ 'ನಿಮಗೆ ಅರ್ಥ ಆಗಲ್ಲ' ಅಂತಿದ್ದ. ಅವನಿಗೂ ಅರ್ಥ ಆಗಿರಲಿಲ್ಲ ಅಂತ ನನ್ನ ಅನುಮಾನ. ಫ್ಯಾನು ಹಗಲೂ ರಾತ್ರಿ ಕೊಯ್ಯ್ ಅಂತ ಅರಚ್ತಿತ್ತು.

ಅದರಲ್ಲಿ ಸ್ನ್ಯಾಪ್‌ಶಾಟ್ ಅಂತ ಒಂದು ಸೌಲಭ್ಯ ಇದೆ. ಒಳಗಿರೋ ಮಷೀನು ಈ ಗಳಿಗೇಲಿ ಹೇಗಿದೆಯೋ ಹಾಗೇ ಹಿಡಿದಿಡೋದು. ಆಮೇಲೆ ಎಂಥ ಎಡವಟ್ಟು ಮಾಡಿದ್ರೂ ಸರಿ, ಒಂದು ಬಟನ್ ಒತ್ತಿದ್ರೆ ಮಷೀನು ಆ ಗಳಿಗೆಗೇ ವಾಪಸ್. ನಡುವೆ ಆದದ್ದು ಯಾವುದೂ ಅದಕ್ಕೆ ನೆನಪಿರಲ್ಲ. ಎಡವಟ್ಟುಗಾರರಿಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ ಹೇಳಿ. ಮಾಡು, ಕೆಡಿಸು, ವಾಪಸ್ ಹೋಗು. ಅವನಿಗೆ ಬದುಕೂ ಹಾಗೇ ಅನ್ನಿಸಿಬಿಟ್ಟಿತ್ತು. ಉಂಡ ತಟ್ಟೆ ಅಕ್ಕನ ಸಿಂಕಲ್ಲಿ ಹಾಕಿ ಎದ್ದು ಹೋಗ್ತಿದ್ದ, ಅದು ತಾನಾಗೇ ತೊಳೆದುಕೊಳ್ಳುತ್ತೆ ಅನ್ನೋ ಹಾಗೆ.

ಅಕ್ಕ ಅಂದ್ರೆ ಅವನ ಸ್ವಂತ ಅಕ್ಕ. ನನಗಿಂತ ಸ್ವಲ್ಪ ದೊಡ್ಡವಳು, ನಾನೂ ಅಕ್ಕ ಅಂತಲೇ ಕರೆಯೋದು. ಕೆಳಗಡೆ ಅವಳ ಮನೆ, ಮನೆ ಮುಂದಿನ ಕೋಣೇಲಿ ಸಣ್ಣ ಪ್ರೆಸ್ಸು. ಮೇಲಿನ ಕೋಣೇಲಿ ಇವನು. ಬಾಡಿಗೆ ಇಲ್ಲ, ಊಟ ಕೆಳಗೆ. ಪ್ರೆಸ್ಸು ನಡೆಸ್ತಿದ್ದದ್ದು ಅಕ್ಕನ ಗಂಡ, ನಮ್ಮ ಭಾವ. ಮಾತ್ರೆ ಡಬ್ಬಿಯೊಳಗೆ ಮಡಚಿ ಇಟ್ಟಿರ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಕಾಗದ... ಅದನ್ನ ಪುಟಕ್ಕೆ ಕೂರಿಸೋದು ಅವರ ಕೆಲಸ. ಅವರ ಕಂಪ್ಯೂಟರ್ ಬಹಳ ಹಳೇದು, ಅದರೊಳಗಿನ ಅಕ್ಷರಗಳೂ ಹಳೇವು. ಆ ಫೈಲುಗಳನ್ನ ಹೊಸ ಕಂಪ್ಯೂಟರಲ್ಲಿ ತೆರೆದ್ರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇ ಆ ಹಳೇ ಪೆಟ್ಟಿಗೇನೇ ಒರೆಸಿ ಒರೆಸಿ ಇಟ್ಟುಕೊಂಡಿದ್ರು. ರಾತ್ರಿ ಅದನ್ನ ಆಫ್ ಮಾಡ್ತಿರಲಿಲ್ಲ. ಮಲಗಿಸ್ತಿದ್ರು, ಅಷ್ಟೇ. ಬೆಳಿಗ್ಗೆ ಎಬ್ಬಿಸಿದ್ರೆ ಹಿಂದಿನ ರಾತ್ರಿ ಎಲ್ಲಿ ಬಿಟ್ಟಿದ್ರೋ ಅಲ್ಲಿಂದಲೇ ಶುರು.

ಒಂದು ರಾತ್ರಿ ಭಾವ ಆ ಪೆಟ್ಟಿಗೆ ಮುಂದೆ ಕೂತ ಕುರ್ಚೀಲೇ ಹೋದ್ರು. ಹೃದಯ. ಬೆಳಿಗ್ಗೆ ಅಕ್ಕ ನೋಡಿದಾಗ ತಲೆ ಎದೆ ಮೇಲೆ ಬಾಗಿತ್ತು, ಕನ್ನಡಕ ಹಾಗೇ ಮೂಗಿನ ಮೇಲಿತ್ತು. ಕಂಪ್ಯೂಟರು ಯಾರೂ ಮುಟ್ಟದೆ ತಾನಾಗೇ ಮಲಗಿತ್ತು.

ಪ್ರೆಸ್ಸು ನಿಲ್ಲಿಸೋ ಹಾಗಿರಲಿಲ್ಲ, ಅಕ್ಕನ ಅನ್ನ ಅದರಲ್ಲೇ ಇತ್ತು. ಗಿರಾಕಿಗಳ ಫೈಲೆಲ್ಲ ಆ ಪೆಟ್ಟಿಗೇಲಿ. ಆದ್ರೆ ಅದನ್ನ ಎಬ್ಬಿಸೋಕೆ ಅವಳಿಗೆ ಕೈ ಬರಲಿಲ್ಲ. ಆಗ ಬಂದ ನಮ್ಮ ಎಲ್ಲಾಬಲ್ಲ.

"ಅಕ್ಕ, ಆ ಕಂಪ್ಯೂಟರನ್ನ ಇಡಿಯಾಗಿ ಎತ್ತಿ ನನ್ನ ಲ್ಯಾಪ್‌ಟಾಪಿನೊಳಗೆ ಇಡ್ತೀನಿ. ಒಂದು ಚುಕ್ಕೀನೂ ಹೆಚ್ಚುಕಮ್ಮಿ ಆಗಲ್ಲ."

"ಹಾಳಾಗಲ್ಲ ತಾನೇ?"

"ನಾನಿದ್ದೀನಲ್ಲ."

ಮಂಗನ ಕೈಗೆ ಮಾಣಿಕ್ಯ. ಒಳಗಿದ್ದದ್ದನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ತುಂಬಿಕೊಂಡ. ತುಂಬಿಕೊಂಡ ಮಾರನೇ ದಿನವೇ ಯಾರನ್ನೂ ಕೇಳದೆ ಆ ಹಳೇ ಪೆಟ್ಟಿಗೇನ ಗುಜರಿಗೆ ಕೊಟ್ಟ. ಅಕ್ಕ ಹುಡುಕಿದಾಗ 'ಅದರಲ್ಲೇನಿದೆ ಈಗ, ಬರೀ ತಗಡು' ಅಂದ. ಭಾವನ ಬೆರಳಿಗೆ ಸವೆದು ಅಕ್ಷರ ಅಳಿಸಿಹೋಗಿದ್ದ ಕೀಬೋರ್ಡು ಇತ್ತು ಅದರ ಜೊತೆ. ಅದೂ ತಗಡಿನ ಲೆಕ್ಕಕ್ಕೇ ಹೋಯ್ತು.

ಅವನು ಅದನ್ನ ಮೊದಲ ಸಲ ತೆರೆದದ್ದು ಮೇಲಿನ ಕೋಣೇಲಿ, ಒಬ್ಬನೇ ಇದ್ದಾಗ. ಒಂದು ಯಂತ್ರದಲ್ಲಿ ಮಲಗಿದ ಕಂಪ್ಯೂಟರು ಇನ್ನೊಂದರಲ್ಲಿ ಹಾಗೆ ಏಳಬಾರದಂತೆ. ಅವನೇ ಹೇಳಿದ್ದು. ತಡವರಿಸಿ, ಮೊದಲಿಂದ ಶುರುವಾಗಬೇಕಂತೆ. ಇದು ಎದ್ದಿತು. ಭಾವ ಕೂತಿದ್ದ ಆ ರಾತ್ರಿಗೇ ಎದ್ದಿತು. ಪರದೆ ಮೂಲೇಲಿ ಆ ರಾತ್ರಿಯದ್ದೇ ಗಂಟೆ. ನಡುವೆ ಅರ್ಧ ಕೂರಿಸಿದ್ದ ಮಾತ್ರೆ ಕಾಗದ. 'ತಂಪಾದ, ಒಣ ಜಾಗದಲ್ಲಿ'... ಅಲ್ಲಿಗೆ ನಿಂತಿತ್ತು. ಕರ್ಸರ್ ಮಿಟುಕ್... ಮಿಟುಕ್...

ಆಮೇಲೆ ಕರ್ಸರ್ ಒಂದು ಸಾಲು ಕೆಳಗಿಳೀತು. ಇವನು ಕೀಬೋರ್ಡ್ ಮುಟ್ಟಿರಲಿಲ್ಲ.

'ಕರೆದ್ಯಾ?'

ಯಾರೋ ಗೆಳೆಯ ಹೊರಗಿಂದ ಕಿತಾಪತಿ ಮಾಡ್ತಿದ್ದಾನೆ ಅಂದುಕೊಂಡು ಇಂಟರ್ನೆಟ್ ಕಿತ್ತ. ಮತ್ತೆ ಬಂತು. 'ಕರೆದ್ಯಾ?' 'ಯಾರು' ಅಂತ ಒತ್ತಿದ.

'ನಾನು ಕಣೋ. ಅವಳು ಊಟಕ್ಕೆ ಕರೆದ ಹಾಗಾಯ್ತು.'

ನೀವಾಗಿದ್ರೆ ಏನ್ಮಾಡ್ತಿದ್ರಿ? ಕಿರುಚ್ತಿದ್ರಿ. ಮೆಟ್ಟಿಲು ಇಳಿದು ಓಡ್ತಿದ್ರಿ. ಇಲ್ಲಾ, ಅಕ್ಕನ ಕೈ ಹಿಡಿದು ಎಳೆದುಕೊಂಡು ಬರ್ತಿದ್ರಿ. ಎಲ್ಲಾಬಲ್ಲ ಏನ್ಮಾಡಿದ ಗೊತ್ತಾ?

ಸ್ನ್ಯಾಪ್‌ಶಾಟ್ ತಗೊಂಡ.

ತಗೊಂಡು, ಗಳಿಗೆ ಭದ್ರ ಮಾಡಿಕೊಂಡು, ಆಮೇಲೆ ಟೈಪ್ ಮಾಡಿದ. 'ಭಾವ, ನೀವು ಸತ್ತು ಹೋಗಿದ್ದೀರಿ.'

ಆಮೇಲೆ ಆ ಮಾತ್ರೆ ಕಾಗದದ ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಅಳಿಸಿಕೊಂಡು ಹೋದ್ವು. ಮೇಲಿನ ಮೊದಲ ಅಕ್ಷರದವರೆಗೂ. ಖಾಲಿ ಪುಟದಲ್ಲಿ ಒಂದೇ ಸಾಲು ಬಂತು.

'ಅವಳಿಗೆ ಗೊತ್ತಾ?'

ಇವನು ಬಟನ್ ಒತ್ತಿದ. ವಾಪಸ್. ಮಾತ್ರೆ ಕಾಗದ, ಕೆಳಗಿನ ಆ ಮೊದಲ ಮಾತುಗಳ ಸಮೇತ, ಇದ್ದ ಹಾಗೇ ಬಂದು ನಿಂತಿತು. ಕರ್ಸರ್ ಮಿಟುಕಿತು.

'ಕರೆದ್ಯಾ?'

"ಒಂದಕ್ಷರ ನೆನಪಿಲ್ಲ ಅವ್ರಿಗೆ! ಎಷ್ಟು ಚೊಕ್ಕವಾಗಿ ವಾಪಸ್ ಹೋಯ್ತು ಗೊತ್ತಾ?" ನನ್ನ ಹತ್ತಿರ ಇದನ್ನೆಲ್ಲ ಆಮೇಲೆ ಒಪ್ಪಿಸುವಾಗಲೂ, ಅಷ್ಟು ಹೆದರಿದ್ರೂ, ಈ ಜಾಗಕ್ಕೆ ಬಂದಾಗ ಅವನ ಕಣ್ಣು ಹೊಳೀತು. ಅದನ್ನ ನಾನು ಯಾವತ್ತೂ ಮರೆಯಲ್ಲ.

ಮತ್ತೆ ಹೇಳಿದ. ಮಾರನೇ ರಾತ್ರಿ ಮತ್ತೆ. ಮೆತ್ತಗೆ ಹೇಳಿ ನೋಡಿದ, ಗದರಿಸಿ ಹೇಳಿ ನೋಡಿದ, ತಮಾಷೆ ಮಾಡಿ ನೋಡಿದ. ಭಾವ ಒಂದು ಸಲ ನಂಬಲಿಲ್ಲ. ಒಂದು ಸಲ ಬೇಡಿಕೊಂಡ್ರು. ಒಂದು ಸಲ ಮಾತೇ ಆಡದೆ ಬರೀ ಚುಕ್ಕಿ ಒತ್ತುತ್ತಾ ಹೋದ್ರು, ಪುಟದ ಮೇಲೆ ಪುಟ ಚುಕ್ಕಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. ಆದ್ರೆ ಇಲಿ ಒಂದೇ ಸಲ ಸಾಯುತ್ತೆ.

ಇನ್ನೊಂದು ಕೇಳಿ. ಇವನು ಮೇಲೆ ಈ ಆಟ ಆಡ್ತಿರಬೇಕಾದ್ರೆ ಕೆಳಗಿಂದ ಅಕ್ಕ ಕೂಗ್ತಿದ್ಲು. "ಊಟ ಆಗಿದೆ, ಬಾರೋ..." ಇವನನ್ನ. ಆಗ ಪರದೆ ಮೇಲೆ ಸಾಲು ಬರ್ತಿತ್ತಂತೆ.

'ಅವಳ ಧ್ವನಿ ಅಲ್ವಾ ಅದು?'

ಇವನು 'ಅಲ್ಲ' ಅಂತ ಟೈಪ್ ಮಾಡಿ, ಕೆಳಗೆ ಹೋಗಿ, ಅವಳು ಬಡಿಸಿದ್ದನ್ನ ಉಂಡು ಬರ್ತಿದ್ದ. ಫೈಲುಗಳು ಏನಾದ್ವೋ ಅಂತ ಅವಳು ಕೇಳಿದ್ರೆ 'ಇನ್ನೂ ಸ್ವಲ್ಪ ಸರಿ ಮಾಡಬೇಕು ಅಕ್ಕ' ಅಂತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಪ್ರೆಸ್ಸಿಗೆ ಹೋಗ್ತಿದ್ರು.

ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನಂತೆ. ಇವನಿಗೆ ಸಿಕ್ಕಿದ್ದು ದೆವ್ವ, ತೋರಿಸದೆ ಇರ್ತಾನಾ? ಒಂದು ಅಂಗಡಿ ಮೇಲಿನ ಕೋಣೇಲಿ ಇವನಂಥದ್ದೇ ಒಂದು ಗುಂಪು ಸೇರುತ್ತೆ, ಅಲ್ಲಿಗೆ ಹೊತ್ತುಕೊಂಡು ಹೋದ. ಪ್ರೊಜೆಕ್ಟರ್ ಹಾಕಿ ಪರದೇನ ಗೋಡೆ ಮೇಲೆ ದೊಡ್ಡದಾಗಿ ಬಿಟ್ಟ. 'ಕರೆದ್ಯಾ?' ಅಂತ ಬಂದಾಗ ಎಲ್ಲ ನಕ್ರಂತೆ. ಅವರ್ಯಾರೂ ದೆವ್ವ ಅಂತ ನಂಬಲಿಲ್ಲ. "ಭಲೇ, ಒಳ್ಳೇ ಪ್ರೋಗ್ರಾಮ್ ಬರೆದಿದ್ದೀಯ" ಅಂದ್ರು. ಇವನು ಹೌದು ಅಂದ. ಹೌದು ಅಂದ ನೋಡಿ! ಅಕ್ಕನ ಗಂಡನನ್ನ ತಾನೇ ಬರೆದೆ ಅಂದ. ಆಮೇಲೆ ಆ ದಂಡು ಒಬ್ಬೊಬ್ಬರಾಗಿ ಬಂದು, ಕೀಬೋರ್ಡ್ ಎಳೆದುಕೊಂಡು, ಭಾವನಿಗೆ ಸಾವಿನ ಸುದ್ದಿ ಹೇಳಿತು. ವಾಪಸ್. ಇನ್ನೊಬ್ಬ. ವಾಪಸ್. ಹೊರಡೋ ಮುಂಚೆ ಕೊನೇದಾಗಿ ಒಂದು ಸಲ ವಾಪಸ್ ಹಾಕಿ, ಮುಚ್ಚಿ, ಬ್ಯಾಗಿಗೆ ಹಾಕಿಕೊಂಡ.

ಆ ರಾತ್ರಿಯೇ ಬಾವಿ ಹತ್ತಿರ ಆ ಸದ್ದು ಕೇಳಿದ್ದು.

ಟಕ್ ಟಕ್... ಟಕ್...

ಬ್ಯಾಗ್ ಇಳಿಸಿ ಬಾವಿಕಟ್ಟೆ ಮೇಲೆ ಇಟ್ಟ. ಜಿಪ್ ಎಳೆದ... ಸರ್ರ್. ಮುಚ್ಚಳ ಎತ್ತಿದ. ಬೆಳಕು ಮುಖಕ್ಕೆ ಬಡೀತು. ಈಗಷ್ಟೇ ವಾಪಸ್ ಹಾಕಿದ್ದು. ಅಂದ್ರೆ ಒಳಗಿರೋ ಭಾವನಿಗೆ ಏನೂ ಗೊತ್ತಿರಬಾರದು. 'ಕರೆದ್ಯಾ?' ಅಂತ ಇರಬೇಕು.

ಅದಿರಲಿಲ್ಲ.

'ನೀನು ನಗ್ತಿದ್ದೆ.'

ಅವನು ನೋಡ್ತಿದ್ದ ಹಾಗೇ ಕೀಗಳು ಒಂದೊಂದಾಗಿ ಕೆಳಗೆ ಹೋಗಿ ಮೇಲೆ ಬಂದ್ವು. ಬೆರಳಿಲ್ಲ. ಟಕ್... ಟಕ್...

'ಮೆತ್ತಗೆ ಹೇಳಿದ ಸಲಾನೂ ನಗ್ತಿದ್ದೆ.'

ನೆನಪಿತ್ತು. ಎಲ್ಲಾ ಸಲದ್ದೂ ನೆನಪಿತ್ತು. ಇವನು ವಾಪಸ್ ಬಟನ್ ಒತ್ತಿದ. ಸಾಲು ಹೋಗಲಿಲ್ಲ. ಮತ್ತೆ ಒತ್ತಿದ. ಮತ್ತೆ ಒತ್ತಿದ. ಅದರ ಕೆಳಗೇ ಇನ್ನೊಂದು ಸಾಲು ಬಂತು.

'ಒತ್ತು. ಎಷ್ಟು ಸಲ ಒತ್ತಿದ್ರೂ ನನಗೆ ಅದೇ ರಾತ್ರಿ ಕಣೋ.'

ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಓಡಿದ. ಚಪ್ಪಲಿ ಒಂದು ಅಲ್ಲೇ ಬಿತ್ತು. ಬಿಸಾಕಿ ಓಡೋಕೂ ಧೈರ್ಯ ಇಲ್ಲ, ನೋಡಿ. ಹೊಸ ಲ್ಯಾಪ್‌ಟಾಪಿಗೆ ಕಾಸಿರಲಿಲ್ಲ.

ಆ ರಾತ್ರಿ ನಾನು ಅಕ್ಕನ ಮನೇಲೇ ಮಲಗಿದ್ದೆ. ಇಲ್ಲಿಂದ ಮುಂದೆ ನಾನೇ ಕಣ್ಣಾರೆ ಕಂಡದ್ದು. ಬಾಗಿಲು ಧಡ್ ಧಡ್ ಅಂತು. ತೆಗೆದ್ರೆ ಇವನು, ಬೆವರಿ ತೊಪ್ಪೆಯಾಗಿ, ಒಂದು ಕಾಲಲ್ಲಿ ಚಪ್ಪಲಿ. ಆದದ್ದನ್ನ ಹೇಳಿದ. ಪಿಸುಮಾತಲ್ಲೇ ಹೇಳಿದ, ಅಕ್ಕಪಕ್ಕದವರಿಗೆ ಕೇಳಿದ್ರೆ ಮರ್ಯಾದೆ ಹೋಗುತ್ತಲ್ಲ! ಅಕ್ಕ ಗೋಡೆಗೆ ಕೈ ಕೊಟ್ಟು ನಿಂತೇ ಕೇಳಿಸಿಕೊಂಡಳು.

"ಎಷ್ಟು ಸಲ ಹೇಳಿದೆ ಅವರಿಗೆ?" ಅಂದಳು. ಅವಳದ್ದೂ ಪಿಸುಮಾತೇ.

"ಏನನ್ನ?"

"ಸತ್ತಿದ್ದೀರಿ ಅಂತ."

"...ಲೆಕ್ಕ ಇಟ್ಟಿಲ್ಲ ಅಕ್ಕ."

ನಾನಾಗಿದ್ರೆ ಕೆನ್ನೆಗೆ ಬಾರಿಸ್ತಿದ್ದೆ. ಅಕ್ಕ ಅವನ ಕೈಯಿಂದ ಲ್ಯಾಪ್‌ಟಾಪ್ ಇಸ್ಕೊಂಡು ಪ್ರೆಸ್ಸಿನ ಕೋಣೆಗೆ ಹೋದಳು. ಭಾವನ ಮೇಜಿನ ಮೇಲೆ ಇಟ್ಟಳು. ಭಾವನ ಕುರ್ಚೀಲೇ ಕೂತಳು. ಇವನು ಹಿಂದೆಯೇ ಹೋಗಿ ಕೈ ಚಾಚಿದ.

"ತಡಿ ಅಕ್ಕ, ಇನ್ನೊಂದು ಸಲ ವಾಪಸ್ ಹಾಕಿ ನೋಡ್ತೀನಿ. ಮರೆತ್ರೂ ಮರೀಬಹುದು. ಆಗ ನೀನು ಹೊಸದಾಗಿ..."

"ಮುಟ್ಟಬೇಡ."

ಅಷ್ಟೇ ಅಂದದ್ದು. ಅವನು ಕೈ ಹಿಂದಕ್ಕೆ ತಗೊಂಡ.

ಪರದೆ ಮೇಲೆ ಆ ಸಾಲುಗಳೇ ಇದ್ವು. ಅಕ್ಕ ಓದಿದಳು. ಕೋಣೇಲಿ ಫ್ಯಾನಿನ ಗುಂಯ್ಯ್ ಬಿಟ್ರೆ ಸದ್ದಿಲ್ಲ. ಆಗ ನನ್ನ ಕಣ್ಣೆದುರಿಗೇ ಕೀಗಳು ಆಡಿದ್ವು. ಟಕ್... ಟಕ್ ಟಕ್.

'ಕರೆದ್ಯಾ?'

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕಡೆ ತಿರುಗದೆಯೇ ಹೇಳಿದಳು.

"ಆ ರಾತ್ರಿ ಒಂದೇ ಸಲ ಕರೆದೆ ಕಣೇ. ಬಂದೆ ಅಂದ್ರು, ಬರಲಿಲ್ಲ. ದಿನಾ ಹಾಗೇ. ದಿನಾ ಎರಡನೇ ಸಲ ಕರೀತಿದ್ದೆ, ಆಗ ಬರ್ತಿದ್ರು. ಅವತ್ತು ಸಿಟ್ಟು ಬಂತು. ಉಂಡ್ರೆ ಉಣ್ಣಲಿ, ಬಿಟ್ರೆ ಬಿಡಲಿ ಅಂತ ಮಲಗಿಬಿಟ್ಟೆ."

ಅಷ್ಟು ದಿನ ಈ ಮಾತನ್ನ ಅವಳು ಯಾರಿಗೂ ಹೇಳಿರಲಿಲ್ಲ. ಕೆಳಗೆ ಇವಳು, ಇನ್ನೊಂದು ಸಲ ಕರೀಲಿಲ್ಲವಲ್ಲ ಅಂತ ಒಳಗೊಳಗೇ ಬೇಯ್ತಿದ್ಲು. ಮೇಲೆ ಅವರು, ಇನ್ನೊಂದು ಸಲ ಕರೀತಾಳೆ ಅಂತ ಕಿವಿ ಕೊಟ್ಟು ಕೂತಿದ್ರು. ನಡುವೆ ಈ ದರಿದ್ರ ನಿಂತುಕೊಂಡು ಬಟನ್ ಒತ್ತಿದ್ದ.

ಅಕ್ಕನಿಗೆ ಟೈಪ್ ಮಾಡಿ ಅಭ್ಯಾಸ ಇಲ್ಲ. ಅವಳದ್ದು ಕಾಗದ ಕತ್ತರಿಸೋ ಕೆಲಸ. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದಳು. ಟಕ್... ... ಟಕ್... ... ಟಕ್. ಸತ್ತಿದ್ದೀರಿ ಅಂತ ಬರೀಲಿಲ್ಲ. ಕ್ಷಮಿಸಿ ಅಂತಲೂ ಬರೀಲಿಲ್ಲ.

'ರೀ, ಊಟಕ್ಕೆ ಬನ್ನಿ.'

ಕರ್ಸರ್ ಮಿಟುಕಿತು. ಫ್ಯಾನು ಕೊಯ್ಯ್ ಅಂತ ಮೇಲಕ್ಕೇರಿತು. ಮೇಜು ಸಣ್ಣಗೆ ಅದುರಿತು. ಆಮೇಲೆ...

'ಬಂದೆ.'

ಆ ಕಿಟಕಿ ತಾನೇ ಮುಚ್ಚಿಕೊಂಡಿತು. ಫ್ಯಾನು ಇಳೀತಾ ಇಳೀತಾ... ಸುಂಯ್... ನಿಂತಿತು. ಅಕ್ಕ ಎದ್ದಳು. ನಮ್ಮನ್ನ ದಾಟಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಅವನೂ ಹೊರಗೇ ನಿಂತಿದ್ವಿ. ಒಳಗೆ ತಟ್ಟೆ ಇಟ್ಟ ಸದ್ದು... ಠಣ್. ಕುರ್ಚಿ ಎಳೆದ ಸದ್ದು... ಕಿರ್ರ್.

ಆಮೇಲೆ ಇನ್ನೊಂದು ಕುರ್ಚಿ. ಕಿರ್ರ್.

ಒಳಗೆ ಹೋದದ್ದು ಅಕ್ಕ ಒಬ್ಬಳೇ. ಆ ಅಡುಗೆಮನೆಗೆ ಬೇರೆ ಬಾಗಿಲಿಲ್ಲ. ಅದೇನು ಅಂತ ನಾನು ಅವಳನ್ನ ಇವತ್ತಿನವರೆಗೂ ಕೇಳಿಲ್ಲ.

ಬೆಳಿಗ್ಗೆ ಅವಳು ಹೇಳಿದ್ದು ಒಂದೇ ಮಾತು. "ಎಲ್ಲಾ ಅಳಿಸು." ನಮ್ಮೆದುರೇ ಕೂತು ಅಳಿಸಿದ, ಆ ಮಷೀನೂ, ಸ್ನ್ಯಾಪ್‌ಶಾಟುಗಳೂ. ಗಿರಾಕಿಗಳ ಕೆಲಸ ಹೋದ್ರೆ ಹೋಗಲಿ ಅಂತ ಅಕ್ಕ ಹೊಸ ಕಂಪ್ಯೂಟರ್ ತಂದು, ಪುಟ ಕೂರಿಸೋದನ್ನ ತಾನೇ ಮೊದಲಿಂದ ಕಲಿತಳು. ಈಗ ಚೆನ್ನಾಗೇ ನಡೀತಿದೆ ಪ್ರೆಸ್ಸು.

ಕತೆ ಇಲ್ಲಿಗೆ ಮುಗೀಬೇಕಿತ್ತು. ಆದ್ರೆ ನಾಯಿ ಬಾಲ ಯಾವತ್ತಿದ್ರೂ ಡೊಂಕೇ. ಆ ಮಷೀನಿನ ಒಂದು ಪ್ರತೀನ ಇವನು ಸಣ್ಣ ಡಿಸ್ಕಿಗೆ ಇಳಿಸಿ ಕಾಲುಚೀಲದ ಡ್ರಾಯರಲ್ಲಿ ಬಚ್ಚಿಟ್ಟಿದ್ದ. ಮೊಟ್ಟಮೊದಲ ರಾತ್ರಿ, ಸಾವಿನ ಸುದ್ದಿ ಹೇಳೋದಕ್ಕೂ ಮುಂಚೆ ತೆಗೆದದ್ದು. ಅಂದ್ರೆ ಆ ಡಿಸ್ಕಿನಲ್ಲಿರೋ ಭಾವನಿಗೆ ಯಾವುದೂ ಗೊತ್ತಿಲ್ಲ. ಇವನು ಕಾಡಿದ್ದೂ ಗೊತ್ತಿಲ್ಲ, ಅಕ್ಕ ಕರೆದದ್ದೂ ಗೊತ್ತಿಲ್ಲ. ಅಕ್ಕ ಎಲ್ಲಾ ಅಳಿಸು ಅಂದಾಗ ಇವನು ಅದರ ಬಗ್ಗೆ ಉಸಿರೆತ್ತಲಿಲ್ಲ. ಕೆಲವು ತಿಂಗಳು ಸುಮ್ಮನಿದ್ದ. ಹೆದರಿಕೆ ಆರಿತು, ಚಟ ಆರಲಿಲ್ಲ. ಅಕ್ಕ ಕಾಗದ ಕೊಳ್ಳೋಕೆ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಆ ಡಿಸ್ಕನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ತೆರೆದ.

ಮಾತ್ರೆ ಕಾಗದ ಬರಲಿಲ್ಲ. 'ಕರೆದ್ಯಾ' ಬರಲಿಲ್ಲ. ಕರಿ ಪರದೆ, ಅದರ ನಡುವೆ ಕಿತ್ತಳೆ ಬಣ್ಣದ ಒಂದು ಸಾಲು. ಹಳೇ ಕಂಪ್ಯೂಟರುಗಳನ್ನ ಕ್ರಮವಾಗಿ ಆಫ್ ಮಾಡಿದ್ರೆ ಕೊನೇಲಿ ಬರ್ತಿತ್ತಲ್ಲ, ಇನ್ನು ನಿಮ್ಮ ಕಂಪ್ಯೂಟರನ್ನ ಆರಿಸಬಹುದು, ಏನೂ ಅಪಾಯ ಇಲ್ಲ ಅಂತ, ಇಂಗ್ಲಿಷಲ್ಲಿ... ಅದು. ಭಾವ ಅದನ್ನ ಒಂದು ರಾತ್ರಿಯೂ ಆಫ್ ಮಾಡಿದೋರಲ್ಲ. ಡ್ರಾಯರಿನೊಳಗೆ, ಕಾಲುಚೀಲದ ಕೆಳಗೆ, ಯಾವುದಕ್ಕೂ ಸಿಕ್ಕಿಸದೆ ಬಿದ್ದಿದ್ದ ಡಿಸ್ಕಿನಲ್ಲಿ ಅದನ್ನ ಆಫ್ ಮಾಡಿ ಎದ್ದು ಹೋದದ್ದು ಯಾರು?

ಎಲ್ಲಾಬಲ್ಲ ಏನಂದ ಗೊತ್ತಾ? "ಕಾಪಿ ಕೆಟ್ಟಿದೆ" ಅಂದ.

ಮುಚ್ಚೋಕೆ ಹೋದ. ಮುಚ್ಚಲಿಲ್ಲ. ಆ ಕಪ್ಪು ಬಣ್ಣ ಕಿಟಕಿ ದಾಟಿ ಇಡೀ ಪರದೆಗೆ ಹರಡಿತು. ಡಿಸ್ಕ್ ಕಿತ್ತ. ಸಾಲು ಹೋಗಲಿಲ್ಲ. ಪವರ್ ಬಟನ್ ಒತ್ತಿ ಬೆರಳು ಬೆಳ್ಳಗಾಗೋವರೆಗೂ ಹಿಡಿದ. ಹೋಗಲಿಲ್ಲ. ಲ್ಯಾಪ್‌ಟಾಪೂ ಚಾರ್ಜರೂ ಕಂಕುಳಲ್ಲಿಟ್ಟುಕೊಂಡು ನನ್ನ ಮನೆಗೆ ಓಡಿ ಬಂದ. ಡಿಸ್ಕಿನ ವಿಷಯಾನೂ, ಅವತ್ತು ರಾತ್ರಿ ನುಂಗಿಕೊಂಡಿದ್ದ ಮಿಕ್ಕದ್ದೂ ಬಾಯಿ ಬಿಟ್ಟದ್ದು ಆಗಲೇ.

"ಇದನ್ನ ನಿನ್ನ ಹತ್ತಿರ ಇಟ್ಕೊಳೇ, ನಿನ್ನ ದಮ್ಮಯ್ಯ."

"ನಾನ್ಯಾಕೆ ಇಟ್ಕೊಳ್ಳಲಿ ನಿನ್ನ ಪಾಪಾನ? ಚಾರ್ಜರ್ ಕೊಟ್ಟು ಹೋಗು. ಬ್ಯಾಟರಿ ಮುಗಿದ್ರೆ ತಾನೇ ಆರುತ್ತೆ."

ಕೊಟ್ಟು ಹೋದ. ಲ್ಯಾಪ್‌ಟಾಪನ್ನ ಅವನ ಕೋಣೆ ಬೀರುವಲ್ಲಿ, ಕಂಬಳಿಗಳ ಕೆಳಗೆ ತುರುಕಿದ. ಅವತ್ತಿಂದ ಅವನು ಮೇಲೆ ಮಲಗಲ್ಲ. ಕೆಳಗೆ ಪ್ರೆಸ್ಸಿನ ಕೋಣೇಲಿ, ಕಾಗದದ ಕಟ್ಟುಗಳ ಪಕ್ಕ ಮುದುರಿಕೊಂಡು ಮಲಗ್ತಾನೆ. ಎಲ್ಲಾಬಲ್ಲ ಅಂತ ಕರೆದ್ರೆ ತಲೆ ತಗ್ಗಿಸ್ತಾನೆ. ಉಂಡ ತಟ್ಟೆ ತಾನೇ ತೊಳೀತಾನೆ. ನನಗೇನೂ ಕನಿಕರ ಇಲ್ಲ.

ಅದಾಗಿ ವರ್ಷ ದಾಟಿದೆ. ಮೊನ್ನೆ ಚಳಿ ಜಾಸ್ತಿ ಅಂತ ಅಕ್ಕ ನನ್ನನ್ನ ಮೇಲೆ ಕಳಿಸಿದ್ಲು, ಕಂಬಳಿ ತರೋಕೆ. ಬೀರು ತೆಗೆದೆ. ಮಡಚಿದ ಕಂಬಳಿ ಅಂಚಿಗೆ ಕಿತ್ತಳೆ ಬೆಳಕು ಬಿದ್ದಿತ್ತು. ಮುಚ್ಚಳದ ಸಂದಿಯಿಂದ ಬರ್ತಿತ್ತು. ಎತ್ತಿ ನೋಡಿದೆ... ಅದೇ ಸಾಲು. ಫ್ಯಾನಿನ ಸದ್ದಿಲ್ಲ. ಮುಟ್ಟಿದೆ, ತಣ್ಣಗಿತ್ತು. ಮುಚ್ಚಿ, ಕಂಬಳಿ ತಗೊಂಡು ಇಳಿದು ಬಂದೆ.

ನಂಬಿ ಅಂತ ನಾನು ಯಾರ ಕಾಲಿಗೂ ಬೀಳಲ್ಲ. ನಡೆದದ್ದನ್ನ ನಡೆದ ಹಾಗೆ ಹೇಳಿದ್ದೀನಿ. ಆ ಚಾರ್ಜರು ಇವತ್ತಿಗೂ ನನ್ನ ಹೊಲಿಗೆ ಡಬ್ಬೀಲೇ ಇದೆ, ದಾರದ ಉಂಡೆಗಳ ಕೆಳಗೆ.